ಗೋಡೆಯ ಮೇಲೊಂದು ಮೊಣಕೈ

ಫೆಬ್ರವರಿ ಮುಗಿಯುವುದರೊಳಗೆ ಬಳ್ಳಾರಿಯವರು ಅಟ್ಟದ ಮೇಲಿನ ಕೂಲರ್ ಇಳಿಸಿಕೊಳ್ಳಬೇಕು. ಇದಕ್ಕೆ ಪಂಚಾಂಗ ನೋಡುವ ಅಗತ್ಯವಿಲ್ಲ. ಮಧ್ಯಾಹ್ನ ಉಂಡು ಅಡ್ಡಾದವನು ಬೆವೆತು ಎದ್ದು ಕೂತು ಯಾರನ್ನೋ ಬೈದ ದಿನವೇ ಮುಹೂರ್ತ. ಈ ಸಲ ನಾನು ಏಣಿ ಹತ್ತಿ ಕೂಲರ್ ಎಳೆಯುವಾಗ ಅದರ ಹಿಂದಿನಿಂದ ಉಣ್ಣೆಯ ಮಫ್ಲರ್ ಸುತ್ತಿದ ಗಂಟೊಂದು ಉರುಳಿ, ನನ್ನ ತಲೆಗೆ ಬಡಿದು, ಕೆಳಗೆ ನಿಂತಿದ್ದ ಮಗಳ ಕೈಗೆ ಬಿತ್ತು. ಮಫ್ಲರ್ ನನ್ನ ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟದ್ದು. ನಮ್ಮ ಊರಿನಲ್ಲಿ ಉಣ್ಣೆಗೆ ಏನನ್ನಾದರೂ ಸುತ್ತಿಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಮಗಳು ಚೈತ್ರಾ ಗಂಟು ಬಿಚ್ಚಿದಳು. ನನ್ನ ತಲೆಗೆ ಏನಾಯಿತೆಂದು ಕೇಳಲಿಲ್ಲ.

“ಅಪ್ಪಾ, ಫಿಲ್ಮ್ ಕ್ಯಾಮೆರಾ!” ಎಂದು ಚೀರಿದಳು. “ಈಗ ಇದಾ ಟ್ರೆಂಡ್ ಐತಿ, ಗೊತ್ತೇನು? ನಮ್ಮ ಕಾಲೇಜಿನಾಗ ಎಲ್ಲಾರೂ ಇದನ್ನಾ ಹುಡುಕಾಕ ಹತ್ಯಾರ.”

ನಾನು ಏಣಿಯ ಮೇಲೇ ಸ್ವಲ್ಪ ಹೊತ್ತು ನಿಂತೆ. ನಾನು ಟ್ರೆಂಡಿನ ಜೊತೆಗಿದ್ದದ್ದು ಜೀವನದಲ್ಲಿ ಇದೇ ಮೊದಲು. ಅದೂ ನಾನು ನಿಂತಲ್ಲೇ ನಿಂತಿದ್ದೆ. ಅದೇ ಊರೆಲ್ಲಾ ಸುತ್ತಿ ನನ್ನ ಹತ್ತಿರ ಬಂದಿತ್ತು.

ಪರಿಚಯ ಇಲ್ಲದವರಿಗೆ ಹೇಳಿಬಿಡುತ್ತೇನೆ. ನನಗೆ ಬಳ್ಳಾರಿಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇದೆ. ಕಂಟೋನ್ಮೆಂಟಿನಲ್ಲಿ ಮನೆ ಇದೆ. ಹುಟ್ಟಿದ್ದು ಕುರುಗೋಡು. ಈ ಮೂರಕ್ಕೂ ಫೋಟೋಗ್ರಫಿಗೂ ಯಾವ ಸಂಬಂಧವೂ ಇಲ್ಲ. ಆದರೂ ಬಹಳ ವರ್ಷ ನಮ್ಮ ಬಳಗದ ಜವಳ, ಕುಬುಸ, ಮದುವೆ, ಗೃಹಪ್ರವೇಶಗಳಿಗೆಲ್ಲ ಫೋಟೋ ತೆಗೆಯುವವನು ನಾನೇ ಆಗಿದ್ದೆ. ಬಳಗದ ಹಣೆಬರಹ, ಇನ್ನೇನು.

ಕ್ಯಾಮೆರಾ ತಂದವರು ಸಿರುಗುಪ್ಪದ ಮಾವ ವಿರೂಪಾಕ್ಷಪ್ಪ. ನನ್ನ ಅಪ್ಪನ ಅಕ್ಕ ಶರಣಮ್ಮತ್ತೆಯ ಗಂಡ. ಅವರದು ಅಕ್ಕಿ ಗಿರಣಿ. ಮದ್ರಾಸಿಗೆ ಅಕ್ಕಿ ಲಾರಿ ಕಳಿಸಿ, ಅದರ ಬೆನ್ನಿಗೇ ತಾವೂ ರೈಲು ಹತ್ತುತ್ತಿದ್ದರು. ಬರುವಾಗ ಏನಾದರೊಂದು ತರುತ್ತಿದ್ದರು. ಒಮ್ಮೆ ಮಡಚುವ ಕೊಡೆ, ಒಮ್ಮೆ ಕೋಳಿ ಕೂಗುವ ಗಡಿಯಾರ. ಆ ಸಲ ಈ ಕರಿ ಪ್ಲಾಸ್ಟಿಕ್ ಡಬ್ಬಿ. ಮುಂದೆ ಒಂದು ಗಾಜಿನ ಕಣ್ಣು, ಮೂಲೆಯಲ್ಲಿ ಫ್ಲ್ಯಾಶ್, ಹಿಂದೆ ರೋಲು ಮುಂದಕ್ಕೆ ತಿರುಗಿಸುವ ಹಲ್ಲಿನ ಚಕ್ರ, ಹೊಟ್ಟೆಯಲ್ಲಿ ಎರಡು ಪೆನ್ಸಿಲ್ ಸೆಲ್ಲು. ಜೊತೆಗೊಂದು ಇಂಗ್ಲಿಷ್ ಪುಸ್ತಿಕೆ. ಕ್ಯಾಮೆರಾ ನನ್ನ ಪಾಲಿಗೆ ಬಂದದ್ದು ಆ ಪುಸ್ತಿಕೆಯಿಂದಲೇ. ಬಳಗದಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ ಎಂದು ಮಾವ ನಂಬಿದ್ದರು. ಇಂಗ್ಲಿಷಿನಲ್ಲಿ ನನಗೆ ಬಂದ ಮಾರ್ಕನ್ನು ಅಪ್ಪ ಅವರಿಗೆ ಹೇಳಿರಲಿಲ್ಲ, ಮರ್ಯಾದೆ ಪ್ರಶ್ನೆ.

ಆ ಪುಸ್ತಿಕೆಯನ್ನು ನಾನು ಪಾಠದ ಪುಸ್ತಕಕ್ಕಿಂತ ಹೆಚ್ಚು ಓದಿದ್ದೇನೆ. ಒಳ್ಳೆಯ ಚಿತ್ರ ತೆಗೆಯುವುದು ಹೇಗೆಂದು ಅದರಲ್ಲಿ ಒಬ್ಬ ಬಿಳಿ ಹೆಂಗಸು ನಗುತ್ತಾ ತೋರಿಸಿಕೊಡುತ್ತಿದ್ದಳು. ಹಿಮದ ಮೇಲೆ ಚಿತ್ರ ತೆಗೆಯುವಾಗ ವಿಶೇಷ ಎಚ್ಚರ ಬೇಕು ಎಂದಿತ್ತು. ಈ ವಿಷಯದಲ್ಲಿ ಕುರುಗೋಡಿನಲ್ಲಿ ನಾನು ಇಂದಿನವರೆಗೂ ಒಂದೂ ತಪ್ಪು ಮಾಡಿಲ್ಲ. ರೋಲನ್ನು ತಂಪಾದ, ಒಣಗಿದ ಜಾಗದಲ್ಲಿಡಿ ಎಂದಿತ್ತು. ನಮ್ಮ ಸೀಮೆಯಲ್ಲಿ ತಂಪಾದ ಜಾಗ ಒಣಗಿರುವುದಿಲ್ಲ, ಒಣಗಿದ ಜಾಗ ತಂಪಾಗಿರುವುದಿಲ್ಲ. ಅವ್ವ ಎರಡೂ ದಿಕ್ಕು ವಿಚಾರ ಮಾಡಿ ರೋಲನ್ನು ನೆಲುವಿನ ಮೇಲೆ ಮೊಸರಿನ ಗಡಿಗೆಯ ಪಕ್ಕ ಇಟ್ಟಳು. ಮುಂದೆ ಎಷ್ಟೋ ದಿನ ನಮ್ಮ ಫೋಟೋಗಳಿಗೆ ಮೊಸರಿನ ವಾಸನೆ ಇತ್ತು, ಅಥವಾ ನನಗೆ ಹಾಗೆ ಅನ್ನಿಸುತ್ತಿತ್ತು.

ಸೂರ್ಯ ಯಾವಾಗಲೂ ನಿಮ್ಮ ಬೆನ್ನ ಹಿಂದೆ ಇರಲಿ ಎಂದಿತ್ತು. ಇದನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಬಿಳಿ ಹೆಂಗಸಿನ ಊರಿನ ಸೂರ್ಯ ಬೇರೆ ಇರಬೇಕು. ನಮ್ಮ ಸೂರ್ಯ ನನ್ನ ಬೆನ್ನ ಹಿಂದೆ ಇದ್ದರೆ ಎದುರಿಗೆ ನಿಂತವರ ಮುಖದ ಮೇಲೇ ಕೂತಿರುತ್ತಾನೆ. ಎಲ್ಲರೂ ಹುಬ್ಬು ಗಂಟು ಹಾಕಿ, ಹಲ್ಲು ಕಚ್ಚಿ, ಕಣ್ಣು ಕಿರಿದು ಮಾಡಿ ನಿಂತರು. ನಮ್ಮ ಆಲ್ಬಮ್ ನೋಡಿದವರು ಈ ಮನೆತನದಲ್ಲಿ ಹೊಲದ ಬದುವಿನ ವ್ಯಾಜ್ಯ ನಡೆದಿದೆ ಅಂದುಕೊಳ್ಳುತ್ತಾರೆ. ನನ್ನ ತಮ್ಮನಿಗೆ ಹೆಣ್ಣು ಕೊಡಲು ಬಂದವರೊಬ್ಬರು ಆಲ್ಬಮ್ ಮಡಚಿ, “ಎಲ್ಲಾರೂ ಅನ್ಯೋನ್ಯ ಅದೀರೇನ್ರಿ?” ಎಂದು ಕೇಳಿಯೂ ಬಿಟ್ಟರು.

ಫ್ಲ್ಯಾಶಿನ ಬಗ್ಗೆ ಬೇರೆಯೇ ಅಧ್ಯಾಯವಿತ್ತು. ಗುಂಡಿ ಸರಿಸಿದರೆ ಒಳಗಿನಿಂದ ಸೊಳ್ಳೆಯ ಹಾಗೆ ಕುಂಯ್ ಎಂದು ಸಣ್ಣ ಸದ್ದು ಶುರುವಾಗುತ್ತದೆ. ಹಿಂದಿನ ಕೆಂಪು ದೀಪ ಹತ್ತುವವರೆಗೆ ತಾಳ್ಮೆಯಿಂದ ಕಾಯಬೇಕು. ನಾಲ್ಕು ಅಡಿಗಿಂತ ಹತ್ತಿರ ಹೋಗಬಾರದು, ಹತ್ತು ಅಡಿಗಿಂತ ದೂರ ನಿಲ್ಲಬಾರದು. ನಾನು ಮೊದಲು ಪರೀಕ್ಷೆ ಮಾಡಿದ್ದು ನಮ್ಮೂರ ಗುಡಿಯ ಕಲ್ಲಿನ ನಂದಿ, ದೊಡ್ಡ ಬಸವಣ್ಣನ ಮೇಲೆ. ಕುರುಗೋಡಿನ ಬಸವಣ್ಣ ಎಷ್ಟು ದೊಡ್ಡವನೆಂದರೆ, ಹತ್ತು ಅಡಿಯೊಳಗೆ ನಿಂತರೆ ಬರೀ ಮೂಗು ಬರುತ್ತದೆ, ದೂರ ನಿಂತರೆ ಕತ್ತಲೆ ಬರುತ್ತದೆ. “ತೆಗಿಯಪಾ, ಆದ್ರ ದೇವ್ರ ಕಣ್ಣಿಗೆ ಹೊಡಿಬ್ಯಾಡ,” ಎಂದು ಪೂಜಾರಿಗಳು ಅನುಮತಿ ಕೊಟ್ಟರು. ನಾನು ಮೂಗು, ಭುಜ, ಕೊಂಬು ಅಂತ ತುಂಡು ತುಂಡಾಗಿ ತೆಗೆದು, ಗೋಂದು ಹಚ್ಚಿ ಜೋಡಿಸಿದೆ. ಬಸವಣ್ಣನಿಗೆ ಎರಡು ಮೂಗು ಬಂತು. ಅವ್ವ ಅದನ್ನು ದೇವರ ಜಗಲಿಯಲ್ಲಿಡಲೂ ಆಗದೆ, ಎಸೆಯಲೂ ಆಗದೆ, ಪಾತ್ರೆ ಕಪಾಟಿನ ಹಿಂದೆ ಇಟ್ಟಳು.

ಪುಸ್ತಿಕೆಯಲ್ಲಿ ಇನ್ನೊಂದು ಮಾತಿತ್ತು: ಗಾಜು, ಕನ್ನಡಿಗಳ ಮುಂದೆ ಫ್ಲ್ಯಾಶ್ ಹೊಡೆಯಬೇಡಿ. ಆದರೆ ನಮ್ಮವರು ಫೋಟೋಕ್ಕೆ ನಿಲ್ಲುವುದೇ ಹಿರಿಯರ ಕೆಳಗೆ. ಸಿರುಗುಪ್ಪದ ಮನೆಯ ಪಡಸಾಲೆಯಲ್ಲಿ ಒಂದು ಗೋಡೆ ತುಂಬ ತೀರಿಹೋದವರ ಫೋಟೋಗಳು, ಎಲ್ಲಕ್ಕೂ ಗಾಜಿನ ಕಟ್ಟು, ವಿಭೂತಿ, ಮಾಲೆ. ಹಬ್ಬಕ್ಕೆ ಸೇರಿದವರೆಲ್ಲ ಅದರ ಮುಂದೆಯೇ ನಿಲ್ಲಬೇಕು. ಬಿಟ್ಟರೆ ಹಿರಿಯರಿಗೆ ಬೇಜಾರು. ನಾನು ಫ್ಲ್ಯಾಶ್ ಹೊಡೆದೆ. ಫೋಟೋ ತೊಳೆಸಿ ತಂದಾಗ ಮಾವನ ತಂದೆಯ ಮುಖವಿದ್ದ ಕಡೆ ಬಿಳಿ ಬೆಳಕಿನ ಉಂಡೆಯೊಂದಿತ್ತು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಎದುರು ಮನೆಯ ಅಜ್ಜಿ ನೋಡಿ, “ಹಿರೇರು ಬೆಳಕಾಗ್ಯಾರಲ್ಲೇ ನಮ್ಮವ್ವಾ!” ಎಂದು ಕೈ ಮುಗಿದಳು. ಆ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಮುಂದಿನ ವರ್ಷ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಬೆರಳಿನ ವಿಷಯ ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ. ಇಂಥ ಸಾದಾ ಕ್ಯಾಮೆರಾದಲ್ಲಿ ನಾವು ಇಣುಕುವ ಕಿಂಡಿಯೇ ಬೇರೆ, ಫೋಟೋ ತೆಗೆಯುವ ಕಣ್ಣೇ ಬೇರೆ. ಕಣ್ಣಿನ ಮುಂದೆ ನಿಮ್ಮ ಬೆರಳು ಅಡ್ಡ ಬಂದರೂ ಕಿಂಡಿಯಲ್ಲಿ ಎಲ್ಲ ಸ್ವಚ್ಛವಾಗಿ ಕಾಣುತ್ತದೆ. ನನ್ನ ತೋರುಬೆರಳು ಮೊದಲಿನಿಂದಲೂ ತುಸು ದಪ್ಪ. ನಮ್ಮ ಬಳಗದ ಎಷ್ಟೋ ಮಂಗಳಕಾರ್ಯಗಳಲ್ಲಿ ಅದು ಬಲಮೂಲೆಯಿಂದ ಬಗ್ಗಿ ನೋಡುತ್ತಿದೆ, ಬೆಂದ ಗೆಣಸಿನ ಹಾಗೆ. ಆಲ್ಬಮ್ ತೋರಿಸುವಾಗ ನಮ್ಮವರು, “ಇಂವ ನಮ್ಮ ದೊಡ್ಡಪ್ಪ, ಇಕಿ ಸಣ್ಣತ್ತಿ, ಇದು ಸಿದ್ದ್ಯಾನ ಬೆರಳು,” ಎಂದು ಬೀಗರಿಗೆ ಪರಿಚಯ ಮಾಡಿಸಿಕೊಡುತ್ತಿದ್ದರು. ಸಿದ್ದ್ಯಾ ಅಂದರೆ ನಾನು, ಸಿದ್ದಲಿಂಗಪ್ಪ.

ಇಷ್ಟೆಲ್ಲದರ ನಡುವೆ ಶರಣಮ್ಮತ್ತೆಯದೇ ಒಂದು ಕಥೆ. ಅತ್ತೆ ಗಟ್ಟಿಗಿತ್ತಿ. ಗಿರಣಿಯಲ್ಲಿ ತೂಕದ ಕಾಟಾದ ಪಕ್ಕ ಕುರ್ಚಿ ಹಾಕಿಕೊಂಡು ಕೂತಳೆಂದರೆ ಹಮಾಲರು ಬೀಡಿ ಆರಿಸುತ್ತಿದ್ದರು. ಈಗ ಗಿರಣಿ ನೋಡಿಕೊಳ್ಳುವವನು ಮಗ ಬಸವರಾಜ. ಕುರ್ಚಿ ಇನ್ನೂ ಅಲ್ಲೇ ಇದೆ, ಅತ್ತೆಯೂ ಅಲ್ಲೇ ಇದ್ದಾಳೆ. ಯಾರಿಗೂ ಕಣ್ಣು ತಗ್ಗಿಸದ ಈ ಹೆಂಗಸು ಫೋಟೋದಲ್ಲಿ ಮಾತ್ರ ಕಣ್ಣು ಮುಚ್ಚುತ್ತಾಳೆ. ಮಿಂಚಿಗೆ ಹೆದರಿ ಮುಚ್ಚುವುದಲ್ಲ. ಮಿಂಚುವುದಕ್ಕೂ ಒಂದು ಗಳಿಗೆ ಮುಂಚೆ ಮುಚ್ಚುತ್ತಾಳೆ. ಮಿಂಚಿನಷ್ಟೇ ಚುರುಕು, ಆದರೆ ಉಲ್ಟಾ. ಬಳಗದ ಮಕ್ಕಳ ತೊಟ್ಟಿಲು ಕಾರ್ಯದಲ್ಲಿ, ಮೊಮ್ಮಕ್ಕಳ ಜವಳದಲ್ಲಿ, ಮೈಲಿಗಟ್ಟಲೆ ನಡೆದು ಹೋದ ಜಾತ್ರೆಯಲ್ಲಿ, ಎಲ್ಲ ಕಡೆಯೂ ಅತ್ತೆ ನಿಂತೇ ನಿದ್ದೆ ಮಾಡುತ್ತಿದ್ದಾಳೆ. ಕಣ್ಣು ತೆರೆದ ಉಳಿದವರು ಫ್ಲ್ಯಾಶಿನಿಂದ ಕಣ್ಣು ಕೆಂಪಾಗಿ ಭೂತದಂತೆ ಕಾಣುತ್ತಿದ್ದರು. ಆಗ ಅತ್ತೆ, “ನಾ ಮುಚ್ಚಿದ್ದಾ ಚಲೋ ಆತು,” ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಮಾವ ತೀರಿಕೊಂಡಾಗ ಆ ಸಮಾಧಾನ ಹೋಯಿತು. ಗೋಡೆಗೆ ಫೋಟೋ ಬೇಕಲ್ಲ, ಆಲ್ಬಮ್‌ಗಳನ್ನೆಲ್ಲ ಹರವಿ ಕೂತೆವು. ನಮ್ಮಲ್ಲಿ ಗೋಡೆಯ ಫೋಟೋಕ್ಕೆಂದು ಯಾರೂ ಬದುಕಿದ್ದಾಗ ಹೋಗಿ ತೆಗೆಸಿಕೊಳ್ಳುವುದಿಲ್ಲ, ಅಪಶಕುನ. ಆದ್ದರಿಂದ ತೀರಿಕೊಂಡ ಮೇಲೆ ಯಾವುದಾದರೂ ಮದುವೆಯ ಗುಂಪಿನಿಂದ ಅವರನ್ನು ಕತ್ತರಿಸಿ ದೊಡ್ಡದು ಮಾಡಿಸುತ್ತಾರೆ. ಎಷ್ಟು ಹುಷಾರಾಗಿ ಕತ್ತರಿಸಿದರೂ ಪಕ್ಕದವರು ಪೂರ್ತಿ ಹೋಗುವುದಿಲ್ಲ. ಸಿರುಗುಪ್ಪದ ಗೋಡೆಯಲ್ಲಿ ಒಬ್ಬರ ಜೊತೆ ಯಾರದೋ ಕಿವಿ ಇದೆ, ಇನ್ನೊಬ್ಬರ ಹೆಗಲ ಮೇಲೆ ಯಜಮಾನರಿಲ್ಲದ ಕೈ ಇದೆ.

ಮಾವನ ಒಳ್ಳೆಯ ಫೋಟೋ ಸಿಕ್ಕಿದ್ದು ನನ್ನ ಮದುವೆಯದು. ಅದನ್ನು ತೆಗೆದವನೂ ನಾನೇ. ಅಕ್ಷತೆ ಬಿದ್ದ ಮೇಲೆ ಬಾಸಿಂಗ ಬಿಚ್ಚದೆ ಕ್ಯಾಮೆರಾ ಹಿಡಿದಿದ್ದೆ. ಮದುಮಗನ ಆ ಅವತಾರವನ್ನು ಕಂಡು ಮಾವ ಅತ್ತೆಯ ಕಡೆ ತಿರುಗಿ ಏನೋ ಅಂದು ಬಾಯಿ ತುಂಬ ನಗುತ್ತಿದ್ದಾರೆ. ಬೆರಳೂ ಬಂದಿಲ್ಲ, ಕೆಂಪು ಕಣ್ಣೂ ಇಲ್ಲ. ನಾನು ತೆಗೆದದ್ದರಲ್ಲೇ ಅತ್ಯುತ್ತಮ. ಪಕ್ಕದಲ್ಲಿ ಅತ್ತೆ, ಎಂದಿನಂತೆ ಕಣ್ಣು ಮುಚ್ಚಿದವಳು. ಸ್ಟುಡಿಯೋದವರು ಅತ್ತೆಯನ್ನು ಕತ್ತರಿಸಿ ತೆಗೆದರು. ಜರಿಯಂಚಿನ ಕುಪ್ಪಸದ ತೋಳು, ಒಂದು ಮೊಣಕೈ ಮಾತ್ರ ಉಳಿಯಿತು. ಹೀಗಾಗಿ ಗೋಡೆಯ ಮೇಲೆ ಮಾವ ಇವತ್ತಿಗೂ ಒಂದು ಮೊಣಕೈ ನೋಡಿ ನಗುತ್ತಿದ್ದಾರೆ.

ಕ್ಯಾಮೆರಾ ಸಿಕ್ಕ ಸುದ್ದಿಯನ್ನು ಚೈತ್ರಾ ಫೋನು ಮಾಡಿ ಅತ್ತೆಗೆ ಹೇಳಿದಳು. ಅತ್ತೆ ನನಗೆ ಫೋನು ಕೊಡಲು ಹೇಳಿದಳು.

“ಆ ಡಬ್ಬಿ ಇನ್ನಾ ಐತೇನಲೇ? ತಗೊಂಡು ಬಾ.”

“ಯಾಕತ್ತಿ?”

“ನನ್ನ ಮೊಣಕೈ ಗ್ವಾಡಿ ಏರಿ ಎಷ್ಟು ವರ್ಷಾತು? ಉಳದಾಕಿನ ಯಾವಾಗ ಏರಸ್ತಿ?”

ಬಿಡ್ತು ಅನ್ನು ಅತ್ತಿ, ಅಂದೆ. ಅನ್ನಲಿಲ್ಲ.

“ಕೇಳಿಲ್ಲಿ. ಕಡೀಗೆ ಹೆಂಗೂ ನನ್ನ ತೊಳದು, ವಿಭೂತಿ ಹಚ್ಚಿ, ಕುಂದ್ರಿಸಿ ಒಂದು ಫೋಟೋ ತಗಸ್ತೀರಿ. ಅದ್ರಾಗ ಕಣ್ಣು ಮುಚ್ಚೇ ಇರ್ತೀನಿ, ಅದಕ್ಕ ಯಾರೂ ಏನೂ ಅನ್ನಂಗಿಲ್ಲ. ಅದಕಿಂತ ಮದ್ಲ ತೆರದಿದ್ದೊಂದು ಆಗ್ಲಿ. ಅಲ್ಲಿ ನಿಮ್ಮ ಮಾವ ನಕ್ಕೊಂತ ನೋಡ್ತಾರ, ನಾ ಮಗ್ಗಲಾಗ ಕಣ್ಣು ಮುಚ್ಗೊಂಡು ನಿಂದರ್ಬೇಕೇನು, ಹೇಳು?”

ತರುತ್ತೇನೆ ಎಂದು ಫೋನು ಇಟ್ಟೆ. ಕಣ್ಣೊರೆಸಿಕೊಂಡೆ. ಕೂಲರಿನ ಧೂಳು ಎಂದು ಹೆಂಡತಿಗೆ ಹೇಳಿದೆ.

ಮೊಬೈಲಿನಲ್ಲಿ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಚೈತ್ರಾ ದೀಪಾವಳಿಯಲ್ಲಿ ತೆಗೆದಿದ್ದಳು. ಕಣ್ಣು ತೆರೆದೇ ಬಂದಿತ್ತು. ಅತ್ತೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಇಕಿ ಯಾರು?” ಅಂದಳು. ಫೋನು ತನ್ನಷ್ಟಕ್ಕೆ ತಾನೇ ಮುಖ ಬೆಳ್ಳಗೆ ಮಾಡಿ, ಸುಕ್ಕು ತೀಡಿ, ಹಣೆಯ ಮೇಲಿನ ಹಚ್ಚೆಯನ್ನೂ ಒರೆಸಿಬಿಟ್ಟಿತ್ತು. ಆ ಹಚ್ಚೆ ಅತ್ತೆ ಚಿಕ್ಕವಳಿದ್ದಾಗ ನಮ್ಮ ಅಜ್ಜಿ ತೊಡೆಯ ಮೇಲೆ ಮಲಗಿಸಿಕೊಂಡು ಹಾಕಿಸಿದ್ದು. “ನಮ್ಮವ್ವ ಹಾಕಿಸಿದ್ದನ್ನ ನಿನ್ನ ಫೋನು ಅಳಿಸೈತಿ. ಅದಕ್ಯಾರು ಹೇಳಿದ್ರು?” ಎಂದು ಕೇಳಿದಳು. ಚೈತ್ರಾ ಅದ್ಯಾವುದೋ ಗುಂಡಿ ಆರಿಸಿ ಮತ್ತೆ ತೆಗೆಯುತ್ತೇನೆ ಎಂದು ಗೋಗರೆದಳು. ಅತ್ತೆ ಒಂದು ಸಲ ಅಂಗಡಿ ಬಿಟ್ಟಳೆಂದರೆ ಮತ್ತೆ ಆ ಬೀದಿಗೆ ಹೋಗುವವಳಲ್ಲ.

ಕ್ಯಾಮೆರಾದಲ್ಲಿ ಹಳೆಯ ಸೆಲ್ಲು ಸೋರಿ ಹಸಿರು ಕಿಲುಬು ಕಟ್ಟಿತ್ತು. ಪಂಪ್‌ಸೆಟ್ಟಿನವನಿಗೆ ಇದೊಂದು ಕೆಲಸವೇ ಅಲ್ಲ. ನಿಂಬೆರಸ ಹಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿದೆ. ಹೊಸ ಸೆಲ್ಲು ಹಾಕಿದಾಗ ಒಳಗಿನಿಂದ ಕುಂಯ್ ಎಂಬ ಸದ್ದು ಬಂತು. ಎಷ್ಟೋ ವರ್ಷ ಮಾತಾಡದೆ ಇದ್ದವರು ಬಾಯಿ ಬಿಟ್ಟ ಹಾಗಾಯಿತು, ಸುಳ್ಳೇಕೆ, ಖುಷಿಯಾಯಿತು. ರೋಲನ್ನು ಚೈತ್ರಾ ಎಲ್ಲಿಂದಲೋ ತರಿಸಿದಳು. ರೇಟು ಕೇಳಬೇಡಿ.

ಭಾನುವಾರ ಸಿರುಗುಪ್ಪಕ್ಕೆ ಹೋದೆವು. ವಗ್ಗಾಣಿ, ಮಿರ್ಚಿ ತಿಂದು ಮುಗಿಯುವಷ್ಟರಲ್ಲಿ ಅತ್ತೆ ಇಳಕಲ್ ಸೀರೆ ಉಟ್ಟು, ಮೂರು ಬೆರಳು ವಿಭೂತಿ ಎಳೆದುಕೊಂಡು ತಯಾರಾಗಿದ್ದಳು. ರೋಲನ್ನು ಬಿಸಿಲಿಗೆ ಒಡ್ಡಬಾರದೆಂದು ನಾನು ಪಡಸಾಲೆಯ ಬಾಗಿಲು ಹಾಕಿಕೊಂಡು ಕ್ಯಾಮೆರಾಕ್ಕೆ ತುಂಬಿದೆ. ಮೊದಲು ಗಿರಣಿಯ ಅಂಗಳದಲ್ಲಿ ಫ್ಲ್ಯಾಶ್ ಇಲ್ಲದೆ ಪ್ರಯತ್ನ. ಸೂರ್ಯ ನನ್ನ ಬೆನ್ನ ಹಿಂದೆ, ಪುಸ್ತಿಕೆಯ ಪ್ರಕಾರ. ಅತ್ತೆಯ ಕಣ್ಣು ಎರಡು ಗೆರೆಯಾದವು. ರಾರಾವಿಯಿಂದ ಭತ್ತ ತಂದು ಸರದಿ ಕಾಯುತ್ತಿದ್ದವರೆಲ್ಲ ಗಾಡಿ ಬಿಟ್ಟು ಬಂದು ಸುತ್ತ ನಿಂತರು. ಆಂಧ್ರದ ಲಾರಿ ಡ್ರೈವರೊಬ್ಬ “ಕೊಂಚೆಂ ನವ್ವಮ್ಮಾ,” ಎಂದು ನಗಲು ಹೇಳಿದ. ಅತ್ತೆ ಅವನ ಲಾರಿಯ ತೂಕ ಇನ್ನೊಂದು ಸಲ ಹಾಕಿ ನೋಡಲು ಬಸವರಾಜನಿಗೆ ಹೇಳಿದಳು.

ಹಾಗಾಗಿ ಒಳಗೆ, ಗೋಡೆಯ ಮುಂದೆ. ಈ ವಯಸ್ಸಿನಲ್ಲಿ ನನಗೂ ಬುದ್ಧಿ ಬಂದಿದೆ. ಗಾಜಿಗೆ ನೇರ ನಿಲ್ಲದೆ ಓರೆಯಾಗಿ ನಿಂತೆ, ಹಿರಿಯರು ಮತ್ತೆ ಬೆಳಕಾಗದ ಹಾಗೆ. ಫ್ಲ್ಯಾಶ್ ಗುಂಡಿ ಸರಿಸಿದೆ. ಕುಂಯ್ ಎಂದಿತು. ಆಗ ತಿಳಿಯಿತು: ಆ ಸದ್ದು ಕೇಳಿದ ಕೂಡಲೇ ಅತ್ತೆಯ ಕೆನ್ನೆ ಬಿಗಿಯುತ್ತದೆ. ದೀಪ ಹತ್ತುವ ಹೊತ್ತಿಗೆ ರೆಪ್ಪೆ ಮುಚ್ಚಲು ಸಿದ್ಧವಾಗಿರುತ್ತದೆ. ಒಂದು, ಎರಡು, ಮೂರು ಎಂದು ಚೈತ್ರಾ ಎಣಿಸಿದಳು. ನಾನು ಮೋಸ ಮಾಡಿ ಎರಡಕ್ಕೇ ಒತ್ತಿದೆ. ಅತ್ತೆ ಒಂದಕ್ಕೇ ಮುಚ್ಚಿದ್ದಳು. ಮೊದಲು ಮುಚ್ಚಿಕೊಂಡಿದ್ದು ಮೂರಕ್ಕೆ ತೆರೆ ಎಂದೆ. ನಾಲ್ಕಕ್ಕೆ ತೆರೆದಳು. ನನ್ನನ್ನು ನೋಡಬೇಡ, ಬಾಗಿಲ ಕಡೆ ನೋಡು ಎಂದೆ. ಬಾಗಿಲ ಕಡೆ ನೋಡುತ್ತಾ ಮುಚ್ಚಿದಳು.

“ತೋರ್ಸು, ಹೆಂಗ ಬಂದೈತಿ?” ಎಂದು ಪ್ರತಿ ಸಲವೂ ಕೇಳುತ್ತಿದ್ದಳು.

“ಇದ್ರಾಗ ಆಗಿಂದಾಗ ಕಾಣಂಗಿಲ್ಲತ್ತಿ. ತೊಳಸ್ಬೇಕು.”

“ಎಲ್ಲಾ ಮುಗದ ಮ್ಯಾಲೆ ಗೊತ್ತಾಗೋದು ಅನ್ನು.”

ಬೆವರು ಇಳಿಯುತ್ತಿತ್ತು. ರೋಲು ಮುಗಿಯಲು ಬಂದಿತ್ತು. ಅತ್ತೆ ಕೈ ಬೆರಳು ನೆಟಿಕೆ ಮುರಿದು, ಮಾವನ ಫೋಟೋ ಕಡೆ ಒಮ್ಮೆ ತಿರುಗಿ ನೋಡಿ, “ಬಿಡಪಾ, ನನ್ನ ಹಣೇಬರದಾಗ ಇಲ್ಲ,” ಅಂದಳು. ಗಟ್ಟಿ ಗಂಟಲಿನ ಹೆಂಗಸು. ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಇನ್ನೊಂದು ತೆಗೆದು ಮುಗಿಸುತ್ತೇನೆ ಅಂದೆ. ಕ್ಯಾಮೆರಾವನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಕುಂಯ್ ಎಂದಿತು. ನಾನು ಕಿಂಡಿಗೆ ಕಣ್ಣಿಟ್ಟು ಕೆಂಪು ದೀಪಕ್ಕೆ ಕಾಯುತ್ತಿದ್ದೆ.

“ಲೇ! ಬೆರಳು! ಬೆರಳು ಅಡ್ಡ ಇಟ್ಟೀಯಲ್ಲೋ ಮುಂಗಾಣದಾಂವ್ನ!” ಎಂದು ಅತ್ತೆ ಕೈ ಮುಂದೆ ಚಾಚಿ ಗದರಿದಳು.

ಗಾಬರಿಗೆ ಒತ್ತಿಬಿಟ್ಟೆ. ಫ್ಲ್ಯಾಶ್ ಹೊಡೆಯಿತು. ಚಕ್ರ ಮುಂದೆ ತಿರುಗಲಿಲ್ಲ, ರೋಲು ಮುಗಿದಿತ್ತು. “ಆತು, ಕಡೀದೂ ಹಾಳ ಮಾಡಿದಿ,” ಎಂದು ಅತ್ತೆ ಸೆರಗು ಕೊಡವಿ ಹೊರಟಳು.

ರೋಲು ತೊಳೆಯುವವರು ಈಗ ಬಳ್ಳಾರಿಯಲ್ಲಿ ಯಾರೂ ಇಲ್ಲ. ನನಗೆ ಪರಿಚಯದ ಸ್ಟುಡಿಯೋದವನು ಅದನ್ನು ಬೇರೆ ಊರಿಗೆ ಕಳಿಸಿದ. ಬರುವುದು ತಡವಾಯಿತು. ಅತ್ತೆ ದಿನಾ ಫೋನು ಮಾಡಿ “ಬತ್ತೇನು?” ಎಂದು ಕೇಳುತ್ತಿದ್ದಳು. ಒಂದು ದಿನ ಅವಳ ನಂಬರಿನಿಂದ ಬಸವರಾಜ ಮಾತಾಡಿದ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು, ಬಳ್ಳಾರಿಯ ಆಸ್ಪತ್ರೆಗೆ ಕರೆತರುತ್ತಿದ್ದರು. ಅಂಗಡಿ ಷಟರ್ ಅರ್ಧ ಎಳೆದು ಓಡಿದೆ. ಎಲುಬು ಮುರಿದಿರಲಿಲ್ಲ. ಆದರೆ ಬಿಳಿ ಹಾಸಿಗೆಯ ಮೇಲೆ ಅತ್ತೆ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಎಷ್ಟೋ ವರ್ಷಗಳಿಂದ ತೆಗೆದ ಫೋಟೋಗಳಲ್ಲೆಲ್ಲ ಇದೇ ಮುಖ. ಆಗೆಲ್ಲ ನಗು ಬರುತ್ತಿತ್ತು. ಆವತ್ತು ನನಗೆ ಹೆದರಿಕೆಯಾಯಿತು.

ನನ್ನ ಸಪ್ಪಳ ಕೇಳಿ ಕಣ್ಣು ಬಿಟ್ಟಳು. “ಬತ್ತೇನು?” ಅಂದಳು.

“ಇನ್ನಾ ಇಲ್ಲತ್ತಿ.”

“ಹಂಗಾದ್ರ ಹೆದರಬ್ಯಾಡ. ಅದು ಬರೋತನಕ ನಾ ಎಲ್ಲೂ ಹೋಗಂಗಿಲ್ಲ.”

ಧೈರ್ಯ ಹೇಳಿಸಿಕೊಂಡವನು ನಾನು. ಮನೆಗೆ ಬರುತ್ತಾ, ಆ ಫೋಟೋ ಇನ್ನೂ ಸ್ವಲ್ಪ ತಡವಾಗಿಯೇ ಬರಲಿ ಎಂದು ದೊಡ್ಡ ಬಸವಣ್ಣನನ್ನು ಕೇಳಿಕೊಂಡೆ. ಎರಡು ಮೂಗಿನ ವಿಷಯ ಅವನು ಮರೆತಿದ್ದರೆ ಸಾಕಿತ್ತು.

ಬಸವಣ್ಣ ಮರೆತಿರಲಿಲ್ಲ. ಅದೇ ವಾರ ಫೋಟೋ ಬಂದವು. ಅಷ್ಟು ಹೊತ್ತಿಗೆ ಅತ್ತೆ ಸಿರುಗುಪ್ಪಕ್ಕೆ ಮರಳಿ, ಕೋಲು ಹಿಡಿದು ಗಿರಣಿಯ ಕುರ್ಚಿಗೂ ಹೋಗಿ ಬರತೊಡಗಿದ್ದಳು. ಲಕೋಟೆ ಅವಳ ಕೈಗೇ ಕೊಟ್ಟೆ. ಒಂದೊಂದಾಗಿ ತೆಗೆದಳು. ಮುಚ್ಚಿದ್ದು. ಮುಚ್ಚಿದ್ದು. ಗೆರೆ. ಮುಚ್ಚಿದ್ದು. ಪ್ರತಿಯೊಂದಕ್ಕೂ “ಹೂಂ” ಎಂದು ಪಕ್ಕಕ್ಕಿಟ್ಟಳು. ಕಡೆಯದು ಬಂತು.

ಅದರಲ್ಲಿ ಬಲಗಡೆ ಕಾಲು ಭಾಗ ನನ್ನ ಬೆರಳು. ಉಳಿದದ್ದರಲ್ಲಿ ಅತ್ತೆ. ಕೈ ಮುಂದೆ ಬಂದಿದೆ, ಬಾಯಿ ಅರ್ಧ ತೆರೆದಿದೆ, ಹಣೆಯ ಹಚ್ಚೆ ಚುಕ್ಕಿ ಚುಕ್ಕಿ ಎಣಿಸಬಹುದು. ಕಣ್ಣು ಎರಡೂ ಅಗಲವಾಗಿ, ಪೂರ್ತಿಯಾಗಿ ತೆರೆದಿವೆ. ಬೈಯುವಾಗ ಅತ್ತೆ ಕಣ್ಣು ಮುಚ್ಚುವುದಿಲ್ಲ ಎಂಬುದು ಹುಟ್ಟಿದಾಗಿನಿಂದ ಬೈಸಿಕೊಂಡ ನನಗೆ ಹೊಳೆದಿರಲಿಲ್ಲ. ಒಂದು ಕಣ್ಣಿನಲ್ಲಿ ಫ್ಲ್ಯಾಶಿನ ಕೆಂಪು ಚುಕ್ಕೆಯೂ ಇತ್ತು.

ಅತ್ತೆ ಬಹಳ ಹೊತ್ತು ನೋಡಿದಳು. ಫೋಟೋದಲ್ಲಿನ ಹಚ್ಚೆಯ ಮೇಲೆ ಬೆರಳಾಡಿಸಿದಳು. “ಇದು ನಾನು,” ಅಂದಳು.

“ಸ್ವಲ್ಪ ಕೆಂಪು ಬಂದೈತತ್ತಿ ಕಣ್ಣು.”

“ಬೈಯಾಗ ಕೆಂಪಾ ಇರ್ತೈತಿ.”

“ಬೆರಳು ತಗಸ್ತೀನಿ. ಸ್ಟುಡಿಯೋದಾಂವ ಕಂಪ್ಯೂಟರ್‌ನಾಗ ಒಂದು ಗಳಿಗ್ಯಾಗ ಅಳಿಸಿ ಕೊಡ್ತಾನಂತ. ಇತ್ತೋ ಇಲ್ಲೋ ಅನ್ನಂಗ ಮಾಡ್ತಾನ.”

ಅತ್ತೆ ಫೋಟೋವನ್ನು ಸೆರಗಿನೊಳಗೆ ಎಳೆದುಕೊಂಡಳು. “ಫೋನು ನನ್ನ ಹಚ್ಚಿ ಅಳಿಸ್ತು, ಇಂವ ನಿನ್ನ ಬೆರಳು ಅಳಸ್ತಾನಂತ. ಏನೂ ಅಳಸಬ್ಯಾಡ ಅನ್ನು ಅವಂಗ. ಆ ಬೆರಳು ಹಿಡಕೊಂಡು ನಿನಗ ನಡ್ಯಾಕ ಕಲ್ಸಿದಾಕಿ ನಾನು. ಅವರ ಜೋಡಿ ನನ್ನ ಮೊಣಕೈ ಐತಿ, ನನ್ನ ಜೋಡಿ ನಿನ್ನ ಬೆರಳಿರ್ಲಿ.”

ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದುಕೊಟ್ಟೆ. ಬದುಕಿದ್ದವರನ್ನು ಆ ಗೋಡೆಗೆ ಹಾಕುವಂತಿಲ್ಲ, ಆದ್ದರಿಂದ ಅದು ಅತ್ತೆಯ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯಲ್ಲಿದೆ. ಮೊಳೆ ಮಾತ್ರ ಆವತ್ತೇ ಹೊಡೆಸಿದಳು, ಮಾವನ ಎಡಗಡೆಗೆ, ಮಾವ ನಗುತ್ತಾ ತಿರುಗಿದ ದಿಕ್ಕಿಗೆ. ಖಾಲಿ ಮೊಳೆ ಕಂಡು ಸೊಸೆ ಅಳುತ್ತಾಳೆಂದು ಅದರ ಮೇಲೆ ಸದ್ಯಕ್ಕೆ ರಸಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುಹಾಕಿದ್ದಾಳೆ.

ಮೊನ್ನೆ ಹೋದಾಗ ಕೋಲಿನಿಂದ ಆ ಕ್ಯಾಲೆಂಡರ್ ಸರಿಸಿ, “ಸಿದ್ದ್ಯಾ, ಮೊಳಿ ಗಟ್ಟಿ ಐತೇನು ನೋಡು,” ಅಂದಳು.

ಹಿಡಿದು ಎಳೆದೆ. ನಟ್ಟು ಬೋಲ್ಟು ಮಾರಿ ಬದುಕಿದವನು. ಬಿಗಿ ಯಾವುದು, ಸಡಿಲ ಯಾವುದು ನನ್ನ ಕೈಗೆ ಗೊತ್ತಾಗುತ್ತದೆ. ಮೊಳೆ ಮಿಸುಕಲಿಲ್ಲ.

“ಸಡ್ಲ ಐತತ್ತಿ,” ಅಂದೆ. “ಇನ್ನಾ ಭಾರ ತಡ್ಯಂಗಿಲ್ಲ.”

ಅತ್ತೆ ನನ್ನ ಮುಖವನ್ನೇ ನೋಡಿದಳು, ಕಣ್ಣು ಮಿಟುಕಿಸದೆ.

“ಹಂಗಾದ್ರ ಕ್ಯಾಲೆಂಡರಾ ಇರ್ಲಿ ಬಿಡು,” ಎಂದು ಚಾ ಇಡಲು ಒಳಗೆ ಹೋದಳು.